ನೂರ್ ಸಾಬರ ನೂರ ಇಪ್ಪತ್ತು

ಜಾಲಿ ಮರ ಹೋಯಿತು, ಇನ್ನೊಂದು ಜಾಲಿ, ಅದೂ ಹೋಯಿತು, ಈಗ ಜಾಲಿಗಳೆಲ್ಲ ಸೇರಿ ಒಂದೇ ಹಸಿರು ಗೆರೆ, ಗೆರೆಯ ಆಚೆ ಉಳ್ಳಾರ್ತಿ ಕಾವಲಿನ ಮೇವಿನ ಬಯಲಿನಲ್ಲಿ ಒಣ ಹುಲ್ಲು ಮಾತ್ರ ಇದ್ದಲ್ಲೇ ಇದೆ, ಹುಲ್ಲಿಗೇನು ಅವಸರ, ಅದಕ್ಕೆ ಕಾರು ಕೊಳ್ಳುವ ಚಟವಿಲ್ಲ — ಚಟಕ್ಕೂ ಚಟ್ಟಕ್ಕೂ ಒಂದೇ ಒತ್ತಿನ ದೂರ, ಥೂ, ಸಾಯುವ ಹೊತ್ತಿನಲ್ಲೂ ಈ ನಾಲಿಗೆ ಸುಮ್ಮನಿರುವುದಿಲ್ಲ. ಬದುಕಿ ನಮ್ಮೂರು ದೇವಸಮುದ್ರ ಸೇರಿದರೆ ಇದನ್ನು ಗೆಳೆಯ ಓಬಳಪ್ಪನಿಗೆ ಹೇಳುತ್ತೇನೆ, ಒಂದಕ್ಷರ ಸೇರಿಸದೆ, ಯಾರ ದನಿಯನ್ನೂ ಅಣಕಿಸದೆ, ನಾನು ಹೇಳಿದ ಕಥೆಗಳಲ್ಲಿ ಮೊಟ್ಟಮೊದಲ ನಿಜವಾದ ಕಥೆ, ಬದುಕಿದರೆ. ತಲೆಯ ಮೇಲೆ ಕಾರಿನ ಛಾವಣಿ ಇಲ್ಲ, ಹೋದ ತಿಂಗಳ ತನಕ ಇತ್ತು, ಹೊಸ ಅವತಾರದಲ್ಲಿ ಅದನ್ನು ಗ್ಯಾಸ್ ಕಟರ್‌ನಿಂದ ಕೊಯ್ದು ಎಸೆದಿದ್ದಾರೆ, ಮೂತಿಯನ್ನು ಒಂದು ಮೊಳ ಉದ್ದ ಮಾಡಿದ್ದಾರೆ, ಹೊಟ್ಟೆಯನ್ನು ನೆಲಕ್ಕೆ ತಾಗುವಷ್ಟು ಇಳಿಸಿದ್ದಾರೆ, ಯಾವನೋ ಕಂಟ್ರಾಕ್ಟರ್ ಬಿಟ್ಟುಹೋಗಿದ್ದ ಹಳೇ ಡಬ್ಬ ಕಾರು ಈಗ ಮೆಣಸಿನಕಾಯಿ ಬಣ್ಣದ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಎಡಗಡೆಯದರಲ್ಲಿ ನಾನು, ಬಲಗಡೆಯದರಲ್ಲಿ ಅದನ್ನು ಕಟ್ಟಿದ ನೂರ್ ಅಹಮ್ಮದ್ ಸಾಬರು, ಚಳ್ಳಕೆರೆಯ ಮೆಕ್ಯಾನಿಕ್, ಅರವತ್ತೆರಡು ವರ್ಷ, ಗಡ್ಡ ಗಾಳಿಗೆ ಎರಡು ಭಾಗವಾಗಿ ಎರಡೂ ಭುಜದ ಮೇಲೆ ಹಾರುತ್ತಿದೆ. ನನ್ನ ಎದೆಗೆ ಅಡ್ಡಲಾಗಿ ಮಂಚಕ್ಕೆ ಹೆಣೆಯುವ ನವಾರು ಬಿಗಿದಿದ್ದಾರೆ, ಅದೇ ಬೆಲ್ಟು, ಬಾಗಿಲಿಗೆ ಬೀರುವಿನ ಚಿಲಕ, ಪ್ರತಿ ಗುಂಡಿಗೂ ಅದು ಟಣ್ ಎನ್ನುತ್ತದೆ, ಟಣ್ ಎಂದಾಗಲೆಲ್ಲ ನನ್ನ ಕೈ ಚಿಲಕಕ್ಕೆ ಹೋಗುತ್ತದೆ. ಕಾವಲು ಮುಗಿಯೋದ್ರೊಳಗೆ ಹೇಳಿಬಿಡು ಮಾರುತೇಶ, ತಗೋತೀಯೋ ಇಲ್ವೋ — ಹೊರಡುವಾಗ ಸಾಬರು ಹೇಳಿದ್ದು ಇಷ್ಟೇ. ಲಾರಿಯಿಂದ ಕಿತ್ತು ತಂದು ಕೂರಿಸಿದ ಸ್ಪೀಡ್ ಮೀಟರಿನ ಮುಳ್ಳು ತೊಂಬತ್ತರಲ್ಲಿ ನಡುಗುತ್ತಿದೆ, ಮುಳ್ಳು ನಡುಗುತ್ತಿದೆಯೋ ನಾನೋ. ರಶ್ಮಿತಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಿದ್ದಳು, ಎರಡೇ ಸೀಟಂತೆ, ಮನೇಲಿ ನಾಲ್ಕು ಜನ ಇದೀವಿ, ಉಳಿದಿಬ್ರು ಹಿಂದೆ ಓಡಿ ಬರಬೇಕಾ? ನಾನು ಹೆಂಡತಿಗೆ ಏನು ಹೇಳಲಿ, ಇದು ನಾನು ಆಸೆಪಟ್ಟು ಕೊಳ್ಳಲು ಹೊರಟ ಕಾರಲ್ಲ, ಇದು ನನ್ನ ತಪ್ಪು, ನಾಲ್ಕು ಚಕ್ರ ಹಾಕಿಕೊಂಡು ನನ್ನ ಮನೆ ಬಾಗಿಲಿಗೆ ಬರಲಿದೆ ಎಂದೇ? ಆಸೆಯೂ ಇದೆ, ಅದು ಬೇರೆ, ಆ ಕೆಂಪು ನೋಡಿದರೆ ಯಾರಿಗೆ ಆಗುವುದಿಲ್ಲ.

ಎಲ್ಲ ಶುರುವಾದದ್ದು ನನ್ನ ಗಂಟಲಿನಿಂದ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಸಿಕ್ಕಿಬಿದ್ದ ಗಂಟಲು, ಬಿ.ಕಾಂ. ಮುಗಿಸಿ ದೇವಸಮುದ್ರದ ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತ್ ಇಟ್ಟ ಮೇಲೆ ಕೆಲಸಕ್ಕೆ ಬಂತು. ನಮ್ಮ ಕಡೆ ಟ್ರ್ಯಾಕ್ಟರ್ ಕೆಟ್ಟರೆ ಚಳ್ಳಕೆರೆಯಿಂದ ಮೆಕ್ಯಾನಿಕ್ ಬರಲು ಒಂದು ದಿನ, ಬಂದು ನೋಡಿ ಸಾಮಾನು ತರಲು ಇನ್ನೊಂದು ದಿನ. ಹಾಗಾಗಿ ನಾನು ಹೋಗಿ ಎಂಜಿನ್ನಿಗೆ ಕಿವಿ ಕೊಡುತ್ತಿದ್ದೆ, ಶಬ್ದವನ್ನು ಬಾಯಲ್ಲಿ ತುಂಬಿಕೊಂಡು, ದಾರಿಯಲ್ಲಿ ಯಾರ ಹತ್ತಿರವೂ ಮಾತಾಡದೆ, ಚೆಲ್ಲದ ಹಾಗೆ, ಬೂತಿಗೆ ಓಡಿ ಬಂದು ಫೋನಿನಲ್ಲಿ ನೂರ್ ಸಾಬರ ಕಿವಿಗೆ ಸುರಿಯುತ್ತಿದ್ದೆ — ಡುಗು ಡುಗು ಡುಗು ಟಿಕ್ ಡುಗು — ಆ ಕಡೆಯಿಂದ ಸಾಬರು, ಡೀಸೆಲ್ ಚಿಮ್ಮೋ ಮೂರನೇ ನಾಝಲ್ಲು ಬಿಚ್ಚಿ ತೊಳೀರಿ, ಫೋನ್ ಇಡ್ಲಾ? ಎಂಟು ವರ್ಷ, ಒಮ್ಮೆಯೂ ತಪ್ಪಿಲ್ಲ. ದೊಡ್ಡಪಾಲಯ್ಯನ ಟ್ರ್ಯಾಕ್ಟರ್, ಹಾಲಿನ ಟೆಂಪೊ, ಬೋರ್‌ವೆಲ್ ಮೋಟರು, ಎಲ್ಲಕ್ಕೂ ಫೋನಿನಲ್ಲೇ ಔಷಧಿ. ನಿನ್ನ ಬಾಯಿ ಸಾವಿರ ಸುಳ್ಳು ಹೇಳ್ತೈತೆ ಬೇಟಾ, ನಿನ್ನ ಗಂಟಲು ಮಾತ್ರ ಒಂದೂ ಹೇಳಲ್ಲ, ಎನ್ನುತ್ತಿದ್ದರು ಸಾಬರು, ಅದನ್ನೇ ನಾನು — ಆ ಭಾನುವಾರ, ಹೊರಗೆ ಬಿಸಿಲು, ಬೂತಿಗೆ ಒಬ್ಬ ಗಿರಾಕಿ ಇಲ್ಲ, ಓಬಳಪ್ಪ ಬೆಂಚಿನ ಮೇಲೆ ಆಕಳಿಸುತ್ತಿದ್ದ, ಎದುರಿನ ಹೋಟೆಲಿನ ಟಿವಿಯಲ್ಲಿ ಯಾವುದೋ ದೇಶದ ಕಾರುಗಳು ಸುತ್ತು ಹೊಡೆಯುತ್ತಿದ್ದವು, ನೋಡ್ಲೇ ಒಂದು ಆಟ ಆಡ್ತೀನಿ ಅಂದೆ, ಫೋನ್ ತಿರುಗಿಸಿದೆ. ಸಾಬ್ರೇ, ರಾಂಪುರದ ಹತ್ರ ಒಂದು ಫಾರಿನ್ ಕಾರು ನಿಂತ್ಬಿಟ್ಟೈತೆ, ಹೈದರಾಬಾದಿನೋರು, ಪಾಪ ಅಳ್ತಾವ್ರೆ, ಸೌಂಡ್ ಕೇಳ್ರಿ. ಕಣ್ಣು ಮುಚ್ಚಿಕೊಂಡು ಬಿಟ್ಟೆ. ಹೊಟ್ಟೆಯಿಂದ ಎತ್ತಿ ಮೂಗಿಗೆ ತಂದು ಹಲ್ಲಿನ ಸಂದಿಯಲ್ಲಿ ಸೀಳಿದೆ, ಹ್ಞೀಂಂಂ, ಮೇಲೆ, ಇನ್ನೂ ಮೇಲೆ. ಸಾಬರು ಬಯ್ಯುತ್ತಾರೆ ಎಂದುಕೊಂಡಿದ್ದೆ, ಆ ಕಡೆ ಸದ್ದೇ ಇಲ್ಲ. ಆಮೇಲೆ ಬಹಳ ಮೆಲ್ಲಗೆ, ಇನ್ನೊಂದ್ಸಲ. ಬಿಟ್ಟೆ. ಇನ್ನೊಂದ್ಸಲ ಬೇಟಾ. ಮೂರನೆಯ ಸಲ ನಡುವೆ ಕೆಮ್ಮು ಬಂತು, ನನಗೆ ನೆಗಡಿಯಾಗಿತ್ತು, ತಡೆಯಲಾಗಲಿಲ್ಲ, ಕೆಮ್ಮನ್ನು ನುಂಗಿ ಮತ್ತೆ ಮೇಲಕ್ಕೆ ಏರಿಸಿದೆ, ಓಬಳಪ್ಪ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳುತ್ತ ಒರೇಯ್ ಚಾಲುರಾ, ಇಂಕ ಚಾಲು, ಸಾಕೋ ಮಾರಾಯ ಎಂದು ತೆಲುಗು ಕನ್ನಡ ಎರಡರಲ್ಲೂ ಬೇಡಿಕೊಳ್ಳುತ್ತಿದ್ದ. ಸಾಬರು ಹೇಳಿದ್ದು ಇಷ್ಟು, ಇದಕ್ಕೆ ಏನೂ ಆಗಿಲ್ಲ ಬೇಟಾ, ಹುಷಾರಾಗೈತೆ, ಬಿಟ್ಬಿಡು, ಹೋಗ್ಲಿ. ಫೋನ್ ಇಟ್ಟರು. ನಾವಿಬ್ಬರೂ ಸಂಜೆಯ ತನಕ ನಕ್ಕೆವು. ಮಾರನೆಯ ದಿನವೇ ಸಾಬರು ಅದೇ ಸೌಂಡು ಹುಟ್ಟಿಸಲೆಂದು ಆ ಡಬ್ಬ ಕಾರಿನ ಎಂಜಿನ್ ಕೆಳಗಿಳಿಸಿದ್ದಾರೆ ಎಂದು ನನಗೆ ಆಗ ಹೇಗೆ ಗೊತ್ತು.

ನೂರು. ಮುಳ್ಳು ನೂರು ದಾಟಿತು, ಕಣ್ಣಲ್ಲಿ ನೀರು, ಗಾಳಿಯಿಂದ ಎಂದು ಹೇಳಿಕೊಳ್ಳುತ್ತೇನೆ, ಕಾಲ ಬುಡದಲ್ಲಿ ತಗಡಿನ ಸಂದಿಯಿಂದ ರಸ್ತೆ ಕಾಣುತ್ತದೆ, ಹರಿಯುವ ಕರೀ ನೀರಿನ ಹಾಗೆ, ನೋಡಬಾರದು, ನೋಡುತ್ತೇನೆ. ಹತ್ತು ತಿಂಗಳು, ಭೈಯ್ಯಾ, ಹತ್ತು ತಿಂಗಳಿಂದ ಬೇರೆ ಗಾಡಿ ಮುಟ್ಟಿಲ್ಲ — ಹಜರಾ ಬೀ, ಸಾಬರ ಹೆಂಡತಿ, ಹೋದ ವಾರ ಶೆಡ್ಡಿನ ಬಾಗಿಲಲ್ಲಿ ನನ್ನ ಅಂಗಿ ತೋಳು ಹಿಡಿದು ಪಿಸುಗುಟ್ಟಿದ್ದು, ಊಟದ ನಡುವೆ ಎದ್ದು ಹೋಗ್ತಾರೆ, ನಮಾಜಿಗೆ ಹೋಗಿ ಬಂದು ಅದೇ ಸೌಂಡ್ ನೆನಪಾಯ್ತು ಅಂತಾರೆ, ಮೂರು ಸಲ ಕಟ್ಟಿದ್ರು, ಮೂರು ಸಲ ಬಿಚ್ಚಿದ್ರು, ಅದೇ ಸೌಂಡು ಅಂತ ಒಂದು ಮಾತು ಹೇಳ್ಬಿಡು, ನಿನ್ನ ಮಾತು ನಂಬ್ತಾರೆ, ಇಲ್ಲಾಂದ್ರೆ ನಾಲ್ಕನೇ ಸಲ ಬಿಚ್ತಾರೆ, ಆಮೇಲೆ ಆ ಮನುಷ್ಯನೇ ಬಿಚ್ಚಿ ಹೋಗ್ತಾರೆ. ಹೇಳುತ್ತೇನೆ ಎಂದೆ. ಅದಕ್ಕೇ ಬಂದದ್ದು, ಬೂತ್ ಮಾರಿದ ದುಡ್ಡಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ ಬೂತ್ ಯಾರಿಗೆ ಬೇಕು, ಅದೇ ಸೌಂಡು ಸಾಬ್ರೇ ಅನ್ನುವುದು, ಕಾರು ಕೊಳ್ಳುವುದು, ಮನೆಯ ಹಿಂದೆ ಟಾರ್ಪಾಲು ಹೊದಿಸಿ ಇಡುವುದು, ಪಾಪ ತೀರಿತು. ಸುಲಭ. ಯಾಕೆ ನಿನಗೇ ಕೊಡ್ತೀನಿ ಗೊತ್ತಾ, ಬಳ್ಳಾರಿಯಿಂದ ಒಬ್ಬರು ಬಂದಿದ್ರು, ಕೊಡಲಿಲ್ಲ, ಸಾಬರು ಗಾಳಿಯಲ್ಲಿ ಕೂಗುತ್ತಿದ್ದಾರೆ, ಅಸಲಿ ಕೇಳ್ದೋನು ಈ ಜಿಲ್ಲೇಲಿ ನೀನೊಬ್ಬನೇ, ನಾನೂ ಫೋನಲ್ಲಿ ಕೇಳಿದ್ದು, ನೀನು ಎದುರಿಗೆ ನಿಂತು ಕೇಳ್ದೋನು, ಹೇಳು, ಅದೇನಾ? ಅದೇ ಸಾಬ್ರೇ, ಅಂದೆ. ಸಾಬರು ತಲೆ ಅಲ್ಲಾಡಿಸಿದರು. ಒಂದು ಕೈ ಸ್ಟೀರಿಂಗ್ ಬಿಟ್ಟು ಕಿವಿಯ ಹಿಂದೆ ಹೋಯಿತು, ನನ್ನ ಕಡೆ ಬಾಗಿದರು, ಎಂಜಿನ್ನಿಗೆ ಕೊಡುವ ಕಿವಿ ನನಗೆ ಕೊಟ್ಟರು. ಇನ್ನೊಂದ್ಸಲ ಹೇಳು. ಅದೇ ಸಾಬ್ರೇ, ಅದೇ ಅದೇ. ಸುಳ್ಳು, ಅಂದರು, ಸಿಟ್ಟಿಲ್ಲದೆ, ನಾಝಲ್ಲು ಕಟ್ಟಿಕೊಂಡಿದೆ ಎನ್ನುವ ಹಾಗೆ, ನಿನ್ನ ಗಂಟಲಲ್ಲಿ ಒಂದು ಪಟ್ಟಿ ಬಿಗಿಯಾಗೈತೆ, ಸುಳ್ಳು, ಇನ್ನೂ ಎತ್ತರ ಐತೆ ಆ ಸೌಂಡು, ನನಗೆ ನೆನಪೈತೆ, ಎತ್ತರಕ್ಕೆ ಹೋಗಿ ನಡುವೆ ಒಂದು ಗುಟುಕು ನುಂಗಿ ಮತ್ತೆ ಹೋಗ್ತಿತ್ತು, ಆ ಗುಟುಕಿಗೇ ಮೂರು ತಿಂಗಳು ಹಿಡೀತು, ನೂರಿಪ್ಪತ್ತರಲ್ಲಿ ಬರ್ತೈತೆ, ಕೇಳು. ಗುಟುಕು. ದೇವರೇ, ನನ್ನ ಕೆಮ್ಮು. ನನ್ನ ಕೆಮ್ಮನ್ನು ಕಬ್ಬಿಣದಲ್ಲಿ ಕಟ್ಟಿದ್ದಾರೆ. ನೂರ ಐದು, ಚಿಲಕ ಈಗ ಟಣ್ ಟಣ್ ಎನ್ನುವುದನ್ನು ಬಿಟ್ಟು ಒಂದೇ ಸಮ ಟರ್ರ್ ಎನ್ನುತ್ತಿದೆ, ನವಾರು ಕುತ್ತಿಗೆಗೆ ಏರಿದೆ, ನೂರ ಹತ್ತು, ನಗು ಬರುತ್ತಿದೆ, ಹೆದರಿಕೆ ಹೆಚ್ಚಾದರೆ ನನಗೆ ನಗು ಬರುತ್ತದೆ, ಈಗ ನಕ್ಕರೆ ಮುಗಿಯಿತು, ನಗದಿದ್ದರೂ ಮುಗಿಯಿತು, ಸಾಬ್ರೇ ಸಾಕು, ನಿಧಾನ, ನಿಧಾನ ಅಂದೆ. ನೀನು ನಿಜ ಹೇಳು, ನಾನು ಆಕ್ಸಿಲೇಟರ್‌ನಿಂದ ಕಾಲು ತೆಗೀತೀನಿ, ಅಂದರು.

ನಿಜ ಹೇಳಿದರೆ ಕಾಲು ತೆಗೆಯುತ್ತಾರೋ ಎದೆ ಒಡೆದುಕೊಳ್ಳುತ್ತಾರೋ, ಹತ್ತು ತಿಂಗಳು, ಇಲ್ಲದ ಕಾರಿನ ಹಿಂದೆ, ಎಂಟು ವರ್ಷ ನಂಬಿದ ಗಂಟಲು, ಇನ್ನು ನಾನು ಡುಗು ಡುಗು ಎಂದರೆ ಆ ಕಡೆ ಫೋನ್ ಇಟ್ಟುಬಿಡುತ್ತಾರೆ, ಇಡಲಿ, ಅದಲ್ಲ, ಅವರ ಮುಖ, ಆ ಮುಖವನ್ನು ನಾನು ಹೇಗೆ ನೋಡಲಿ, ದೂರದಲ್ಲಿ ರಸ್ತೆಗೆ ಅಡ್ಡ ಬಿಳೀ ಗೆರೆ ಎಳೆದ ಹಾಗೆ ಏನೋ ಇದೆ, ಗೆರೆ ಅಲ್ಲಾಡುತ್ತದೆ, ಕುರಿ, ಕುರಿ ಹಿಂಡು, ಕಾವಲಿನಿಂದ ಎದ್ದು ಆಚೆ ದಾಟುತ್ತಿದೆ, ನೂರ ಹದಿನೈದು, ಸಾಬ್ರೇ ಕುರಿ ಅಂದೆ, ಕಾಣ್ತೈತೆ ನೀನು ಹೇಳು ಅಂದರು — ಬಾಯಿ ತೆರೆದೆ, ಮಾತಿನ ಬದಲು ಆ ಸೌಂಡೇ ಬಂತು, ಹೊಟ್ಟೆಯಿಂದ ಎದ್ದು ಮೂಗಿಗೆ ಏರಿ ಹಲ್ಲಿನ ಸಂದಿಯಲ್ಲಿ ಸೀಳಿಕೊಂಡು, ಹ್ಞೀಂಂಂ, ಮೇಲೆ, ಇನ್ನೂ ಮೇಲೆ, ಗಾಳಿಗೂ ಮೇಲೆ, ನಡುವೆ ಕೆಮ್ಮಿದೆ, ನುಂಗಿದೆ, ಮತ್ತೆ ಏರಿಸಿದೆ. ಅದೇ ಗಳಿಗೆಗೆ ಕೆಳಗೆ ಎಂಜಿನ್ನು ಗುಟುಕು ನುಂಗಿ ಏರಿತು, ಎರಡೂ ಒಂದೇ ಶ್ರುತಿಯಲ್ಲಿ, ಯಾವುದು ನಾನು ಯಾವುದು ಅದು ಎಂದು ನನಗೇ ತಿಳಿಯಲಿಲ್ಲ. ಸಾಬರು ರಸ್ತೆ ಬಿಟ್ಟು ನನ್ನ ಬಾಯಿಯನ್ನು ನೋಡುತ್ತಿದ್ದರು. ಯಾರ ಕಾರದು? ಯಾರದೂ ಅಲ್ಲ ಸಾಬ್ರೇ, ಕಾರೇ ಇರ್ಲಿಲ್ಲ, ನಾನೇ, ಬೂತಲ್ಲಿ ಕೂತ್ಕಂಡು, ತಮಾಷೆಗೆ. ಆ ಗುಟುಕು? ನೆಗಡಿ ಸಾಬ್ರೇ. ಕೆಮ್ಮು. ಫೋನಿನಲ್ಲಿ ಅವತ್ತು ಇದ್ದ ಅದೇ ಮೌನ, ಆಗ ಅದರ ಮುಖ ಕಂಡಿರಲಿಲ್ಲ, ಈಗ ಕಾಣುತ್ತಿದೆ, ತುಟಿ ಅದುರಿತು, ಗಡ್ಡ ಅದುರಿತು, ಕೊಂದುಬಿಟ್ಟೆ, ಮನುಷ್ಯನನ್ನು ಕೊಂದುಬಿಟ್ಟೆ ಎಂದುಕೊಂಡೆ. ಅಸಲಿ ಇಲ್ಲ ಅಂತೀಯಾ? ಇಲ್ಲ. ಹೈದರಾಬಾದಲ್ಲಿ? ಇಲ್ಲ ಸಾಬ್ರೇ. ಫಾರಿನ್ನಲ್ಲಿ? ಎಲ್ಲೂ ಇಲ್ಲ. ಹಂಗಾರೆ ನಾನು ಯಾರ್ದೂ ನಕಲು ಹೊಡೀಲಿಲ್ಲ! ಹತ್ತು ತಿಂಗಳು ನಾಚಿಕೆ ಪಟ್ಟೆನಲ್ಲೋ, ಯಾರೋ ಕಟ್ಟಿದ್ದನ್ನು ಕದೀತಾ ಇದೀನಿ ಅಂತ, ಲೇ, ಇದೇ ಅಸಲಿ! ಖುದಾ ಕಸಮ್ ಇದೇ ಅಸಲಿ! ಸಾಬರ ನಗು ಹೊಟ್ಟೆಯಿಂದ ಎದ್ದು ಬಂತು, ಓಬಳಪ್ಪ ಅವತ್ತು ನಕ್ಕದ್ದು ಅದರ ಮುಂದೆ ಏನೂ ಅಲ್ಲ, ನಾನು ನಕ್ಕದ್ದು ಏನೂ ಅಲ್ಲ, ಎಂಜಿನ್ನನ್ನೂ ಮುಳುಗಿಸಿಬಿಟ್ಟಿತು, ಕೆಮ್ಮು! ನಿನ್ನ ಕೆಮ್ಮಿಗೆ ನಾನು ಹನ್ನೊಂದು ಸೈಲೆನ್ಸರ್ ಕೊಯ್ದೆ! ಅವರ ಕಣ್ಣಿನಿಂದ ನೀರು ಹಾರಿ ನನ್ನ ಕೆನ್ನೆಗೆ ಬೀಳುತ್ತಿದೆ, ಮಾರಲ್ಲ ಹೋಗು, ನಿನಗೂ ಇಲ್ಲ, ಯಾವನಿಗೂ ಇಲ್ಲ, ಮುಚ್ಕೊಂಡು ಹೋಗು ನಿನ್ನ ಚೀಲ! ಕಾಲು, ಸಾಬ್ರೇ ಕಾಲು, ಕಾಲು ತೆಗೀತೀನಿ ಅಂದ್ರಲ್ಲ, ಮುಳ್ಳು ನೂರ ಇಪ್ಪತ್ತು, ಬಿಳೀ ಗೆರೆಗೆ ತಲೆಗಳು ಮೂಡಿವೆ, ಕಿವಿಗಳು ಮೂಡಿವೆ, ಸಾಬರು ಚಪ್ಪಾಳೆ ತಟ್ಟುತ್ತಿದ್ದಾರೆ, ಎರಡೂ ಕೈ, ಗ್ರೀಸು ಹಿಡಿದ ಎರಡೂ ಕೈ ಮೇಲೆ, ಗಾಳಿಯಲ್ಲಿ, ಸ್ಟೀರಿಂಗ್ ತಾನೇ ಸ್ವಲ್ಪ ಎಡಕ್ಕೆ ತಿರುಗುತ್ತದೆ, ತಾನೇ ಸ್ವಲ್ಪ ಬಲಕ್ಕೆ, ಅದರ ಮೇಲೆ ಯಾರ ಕೈಯೂ ಇಲ್ಲ, ನನ್ನ ಕೈ ಚಿಲಕ ಬಿಡುತ್ತಿಲ್ಲ, ಚಪ್ಪಾಳೆ, ಖಾಲಿ ಸ್ಟೀರಿಂಗ್, ಚಪ್ಪಾಳೆ, ಸ್ಟೀರಿಂಗ್, ಖಾಲಿ, ದುಂಡಗೆ, ಖಾಲಿ —