ಬಾಗ್ಸ್ ತೀರ್ಪು

ಕರ್ಟಿಸ್ ಮಲಿನ್ಸ್‌ನ ಅರ್ಜಿ ವಜಾ ಆಗಲು ಆರು ನಿಮಿಷ ಸಾಕಾಯಿತು. ಮರದ ಮಿಲ್ಲಿನ ಅಂಗಳದಲ್ಲಿ ದಿಮ್ಮಿ ಉರುಳಿ ಅವನ ಮೊಣಕಾಲು ಪುಡಿಯಾಗಿತ್ತು. ಆದರೆ ಹಾಜರಿ ಕಾರ್ಡು ಒತ್ತಲು ಇನ್ನೂ ನಾಲ್ಕು ನಿಮಿಷವಿತ್ತು. ಕಾರ್ಡು ಒತ್ತುವ ಮೊದಲು ಪೆಟ್ಟು ತಿಂದವನು ಕೆಲಸದಲ್ಲಿದ್ದವನಲ್ಲವಂತೆ, ಪರಿಹಾರವಿಲ್ಲವಂತೆ.

“ಮೇಲಿನ ಕೋರ್ಟಿನ ಬಾಗ್ಸ್ ತೀರ್ಪಿದೆಯಲ್ರೀ, ನನ್ನ ಕೈ ಕಟ್ಟಾಕಿದೆ,” ಎಂದರು ನ್ಯಾಯಾಧೀಶರು. ಹನ್ನೊಂದು ವರ್ಷಗಳಿಂದ ಈ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ವಕೀಲರ ಸಂಘದ ಪತ್ರಿಕೆಯಲ್ಲಿ ಆ ತೀರ್ಪನ್ನು ಟೀಕಿಸಿ ಒಂಬತ್ತು ಲೇಖನ ಬರೆದಿದ್ದೇನೆ. ಓದಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ.

ಊರುಗೋಲಿನ ಕರ್ಟಿಸ್‌ನನ್ನು ಕೋರ್ಟಿನ ನೆಲಮಾಳಿಗೆಯ ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಸೋತ ನನ್ನ ಕಕ್ಷಿದಾರರಿಗೆ ನಾನು ಗ್ರೇವಿ ಸುರಿದ ಬಿಸಿ ಬಿಸ್ಕೆಟ್, ಅಂದರೆ ಇಲ್ಲಿನ ಮೆತ್ತನೆಯ ಬನ್ನು, ಕೊಡಿಸುವುದು ರೂಢಿ.

“ಯಾರ್ರೀ ಆ ಬಾಗ್ಸು?” ಕರ್ಟಿಸ್ ಮೇಜು ಗುದ್ದಿದ. “ಯಾವ ಮಿಲ್ ಓನರ್ರು? ಅವನ ಮನೆ ಹಾಳಾಗ!”

ತಟ್ಟೆ ತಂದಿಟ್ಟ ಕ್ಯಾಂಟೀನಿನ ನೋಲಾ ಅಲ್ಲೇ ನಿಂತಳು. “ಓನರ್ ಅಲ್ಲಪ್ಪ, ನನ್ನ ಗಂಡ. ಡೆಲ್ಮರ್ ಬಾಗ್ಸ್. ನಿನ್ ಥರಾನೇ ಕೂಲಿ. ಕಾರ್ಡ್ ಒತ್ತೋಕೆ ಹತ್ತು ನಿಮಿಷ ಮುಂಚೆ ಮಂಜುಗಡ್ಡೆ ಮೇಲೆ ಜಾರಿ ಸೊಂಟ ಮುರ್ಕೊಂಡ್ರು. ಅವ್ರೂ ಸೋತೋರೇ. ತೀರ್ಕೊಂಡು ನಾಲ್ಕು ವರ್ಷ ಆಯ್ತು.”

ಕರ್ಟಿಸ್‌ನ ಮುಖ ಚಿಕ್ಕದಾಯಿತು. “ಸೋತೋರ ಹೆಸರು ಯಾಕ್ರೀ ಇಡ್ತಾರೆ?”

“ಮೇಲ್ಮನವಿ ಹಾಕಿದೋರ ಹೆಸರಲ್ಲೇ ತೀರ್ಪು ಓಡಾಡುತ್ತಪ್ಪ,” ಎಂದೆ.

“ಹಾಕ್ಸಿದ್ದು ಯಾರು, ಅದನ್ನೂ ಹೇಳಿ ವಕೀಲ್ರೇ,” ಎಂದಳು ನೋಲಾ.

ಹೇಳಿದೆ. ಡೆಲ್ಮರ್‌ನ ವಕೀಲ ನಾನೇ. ಕೆಳಗಿನ ಕೋರ್ಟಿನಲ್ಲಿ ಸೋತಾಗ ಸುಮ್ಮನಿದ್ದಿದ್ದರೆ ಸೋಲು ಅವನೊಬ್ಬನದಾಗಿರುತ್ತಿತ್ತು. ಆ ಕೋರ್ಟಿನ ಮಾತು ಇನ್ನೊಬ್ಬರನ್ನು ಕಟ್ಟಿಹಾಕುವುದಿಲ್ಲ. ಅವನು ಸಾಕು ಅಂದಿದ್ದ. ನಾನೇ ಹಟ ಹಿಡಿದು ಮೇಲಿನ ಕೋರ್ಟಿಗೆ ಒಯ್ದೆ. ಅಲ್ಲಿ ಸೋತದ್ದು ಇಡೀ ರಾಜ್ಯಕ್ಕೆ ಕಾನೂನಾಯಿತು. ಒಂಬತ್ತು ಲೇಖನಗಳಲ್ಲಿ ಎಲ್ಲೂ ಇದನ್ನು ಬರೆದಿಲ್ಲ. ನಾಚಿಕೆ, ಇನ್ನೇನು.

“ಬೆಳಗ್ಗೆಯಿಂದ ಮೂರು ಗಂಟೆವರೆಗೆ ಇಲ್ಲಿ ಕೂತೋರೆಲ್ಲ ಅವ್ರ ಹೆಸರಿಗೆ ಬೈತಾರೆ. ಕಾಫಿ ಬಗ್ಗಿಸ್ತಾ ಕೇಳಿಸ್ಕೊತೀನಿ,” ಎಂದಳು ನೋಲಾ. “ಆ ಹೆಸರು ತೆಗೆಸೋಕೆ ಆಗಲ್ವಾ?”

“ಇವನ ಕೇಸನ್ನ ಮೇಲಕ್ಕೆ ಒಯ್ದು ಗೆದ್ರೆ ಬಾಗ್ಸ್ ತೀರ್ಪು ರದ್ದಾಗುತ್ತೆ. ಗೆಲ್ಲೋದು ಕಷ್ಟ. ನನಗೂ ಅರವತ್ತೊಂಬತ್ತು ನೋಲಾ, ಸಾಕಾಗಿದೆ.”

“ಸೋತ್ರೆ?” ಎಂದ ಕರ್ಟಿಸ್.

ಡೆಲ್ಮರ್ ಇದನ್ನೇ ಕೇಳಿದಾಗ ಏನೇನೋ ಹೇಳಿ ಮಾತು ತೇಲಿಸಿದ್ದೆ. ಈ ಸಲ ಆಗಲಿಲ್ಲ. “ಸೋತ್ರೆ ಗಂಟು ಇನ್ನೂ ಬಿಗಿಯಾಗುತ್ತೆ. ಆಮೇಲೆ ಕೋರ್ಟಿಗೆ ಬಂದೋರೆಲ್ಲ ನಿನ್ನ ಹೆಸರಿಗೂ ಬೈತಾರೆ.”

“ಬೇಡಪ್ಪ,” ಎಂದಳು ನೋಲಾ. “ನಿನಗೂ ಹೆಂಡ್ತಿ ಇರ್ಬೇಕು. ಅವಳಿಗೆ ಈ ಕಷ್ಟ ಬೇಡ. ತಿಂದು ಮನೆಗೆ ಹೋಗು.”

ಕರ್ಟಿಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ನನ್ನ ಕಡೆ ತಿರುಗಿದ. “ಹಾಕಿ ಸಾರ್ ಅಪೀಲು.”

“ಯೋಚನೆ ಮಾಡಪ್ಪ,” ಎಂದಳು ನೋಲಾ.

“ಮಾಡ್ದೆ. ಸೋತ್ರೆ ಬೈಗುಳದಲ್ಲಿ ಅರ್ಧ ನನಗೂ ಬರ್ಲಿ ಬಿಡಮ್ಮ. ಅವ್ರೊಬ್ರೇ ಎಷ್ಟೂಂತ ತಿಂತಾರೆ?”