ಏಳರ ನಡೆ

ನಾರಾಯಣಮ್ಮ ಗಂಡನ ಹೆಣದ ಪಕ್ಕದಲ್ಲೇ ಕೂತು ಅವನ ಡೋಲಿನ ಬಾರುಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದಳು. ಬಾರಿಸುವವನು ಸತ್ತರೆ ಹನ್ನೊಂದನೆಯ ದಿನದವರೆಗೆ ಅವನ ಡೋಲು ಸದ್ದು ಮಾಡಕೂಡದು, ಅದು ಆ ಮನೆಯ ನೇಮ. ಬೆರಳಿಗೆ ಬಗ್ಗದ ಬಾರಿಗೆ ಹಲ್ಲು ಹಚ್ಚಿದಳು.

ಮುನಿಕೃಷ್ಣಪ್ಪ ಹಿಂದಿನ ಸಂಜೆ ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಅವನ ಅಣ್ಣ ರಾಮಕೃಷ್ಣಪ್ಪ ಕೆಲಮಂಗಲದಿಂದ ಬಂದು ಚಟ್ಟ ಕಟ್ಟಿಸಿ, ತಮಟೆಯವರನ್ನೂ ಕರೆಸಿದ್ದ. ಬೇಲಿಯ ಹತ್ತಿರ ಹೊಸೂರಿನ ಕಾರ್ಖಾನೆಯ ಇಬ್ಬರು ಫಿಟರ್‌ಗಳು ನಿಂತಿದ್ದರು. ಗಿಟಾರು ನುಡಿಸುವ ಚೆನ್ನಕೇಶವ, ಡ್ರಮ್ಮು ಬಾರಿಸುವ ಚಿನ್ನಸ್ವಾಮಿ. ಇಬ್ಬರಿಗೂ ಭುಜದವರೆಗೆ ಕೂದಲು. ಚಿನ್ನಸ್ವಾಮಿ ಒಂದು ಡ್ರಮ್ಮನ್ನು ಟವಲಿನಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದ.

"ಆ ಜಡೆ ಬಿಟ್ಟೋರ್ನ ಯಾರಮ್ಮ ಕರ್ದೋರು?" ಅಂದ ರಾಮಕೃಷ್ಣಪ್ಪ.

"ನಾನೇ ಭಾವ. ಅವ್ರಿಗೆ ನಿಮ್ಮ ತಮ್ಮ ಕಲ್ಸಿದ್ರಲ್ಲ ಏಳರ ಲೆಕ್ಕ, ಅದ್ರಾಗೇ ಎತ್ಕೊಂಡೋಗ್ಲಿ."

ನೆಂಟರೆಲ್ಲ ನಗುತ್ತಾರೆ, ನಾಲ್ಕು ಜನರಲ್ಲಿ ತಲೆ ಎತ್ತುವ ಹಾಗಿಲ್ಲ ಎಂದು ಅವನು ಗೊಣಗಿದ. ನಾರಾಯಣಮ್ಮ ಇನ್ನೊಂದು ಬಾರಿಗೆ ಕೈ ಹಾಕಿದಳು.

* * *

ಎಂಬತ್ತೇಳರಲ್ಲಿ ಹಿತ್ತಲ ಶೆಡ್ಡನ್ನು ಆ ಹುಡುಗರಿಗೆ ಬಾಡಿಗೆಗೆ ಕೊಟ್ಟಾಗ ಅವರ ಗಲಾಟೆಗೆ ಅವಳು ಕಿವಿಗೆ ಹತ್ತಿ ತುರುಕಿಕೊಂಡಿದ್ದಳು. ಥ್ರ್ಯಾಶ್ ಮೆಟಲ್ ಅಂತೆ ಅದರ ಹೆಸರು. ಶೆಡ್ಡು ಬಿಡಿಸಿ ಬನ್ನಿ ಎಂದು ಗಂಡನನ್ನು ಕಳಿಸಿದರೆ, ಹೋದವನು ಅಲ್ಲೇ ಕೂತುಬಿಟ್ಟ. ಮದುವೆಗಳಿಗೆ ಲೌಡ್‌ಸ್ಪೀಕರು ಬಂದಮೇಲೆ ಓಲಗಕ್ಕೆ ಕರೆಯುವವರಿಲ್ಲ. ಆರು ವರ್ಷದಿಂದ ಡೋಲು ಗೂಟದಲ್ಲಿತ್ತು, ಅವನು ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್ ಆಗಿದ್ದ.

"ಇಷ್ಟು ಅವಸರ್ವಾಗಿ ಎಲ್ಲಿಗ್ರಪ್ಪ ಹೋಗ್ತಿದ್ದೀರಿ? ಬರೀ ನಾಲ್ಕರಾಗೇ ಓಡ್ತೀರಲ್ಲ," ಎಂದು ನಕ್ಕು, ಮೂರು ಮತ್ತು ನಾಲ್ಕು ಸೇರಿಸಿ ಏಳು ತಟ್ಟಿ ತೋರಿಸಿದ. ತಕಿಟ, ತಕಧಿಮಿ. ಚಿನ್ನಸ್ವಾಮಿಗೆ ಅದು ಕೈಗೆ ಹತ್ತಲು ಎರಡು ತಿಂಗಳು ಬೇಕಾಯಿತು. ಚೆನ್ನಕೇಶವ ಕರೆಂಟಿನ ಗಿಟಾರಿನಲ್ಲಿ ಕಲ್ಯಾಣಿ ರಾಗವನ್ನು ಎಳೆದ. ಗುಜರಿಯಿಂದ ಹಲ್ಲುಚಕ್ರವೊಂದನ್ನು ತಂದು ಜಾಗಟೆ ಮಾಡಿಕೊಂಡರು. ಮುನಿಕೃಷ್ಣಪ್ಪ ಡೋಲನ್ನು ಗೂಟದಿಂದ ಇಳಿಸಿದ.

ಬೆಂಗಳೂರಿನ ಒಂದು ಸ್ಪರ್ಧೆಗೂ ಹೋಗಿಬಂದರು. ತಾಳ ತಪ್ಪಿದೆ ಎಂದು ಅಲ್ಲಿನ ತೀರ್ಪುಗಾರರು ಮೈಕಿನಲ್ಲೇ ಹೇಳಿದರಂತೆ. ಹುಡುಗರು ಮುಖ ಸಣ್ಣ ಮಾಡಿಕೊಂಡು ಬಂದರು. ಇವನು ಮಾತ್ರ ಊಟಕ್ಕೆ ಕೂತವನು ನಗುತ್ತಲೇ ಇದ್ದ. "ತಪ್ಪು ಅನ್ನಕ್ಕಾದ್ರೂ ಕೇಳುಸ್ಕೊಂಡ್ರಲ್ಲೇ, ನಾರಾಣಿ," ಅಂದ.

* * *

ಕೊನೆಯ ಬಾರು ಸಡಿಲವಾಯಿತು. ನಾರಾಯಣಮ್ಮ ಹೊರಗೆ ಬಂದಳು.

"ಭಾವ, ಡೋಲು ಆರು ವರ್ಷ ಗೂಟದಾಗೆ ನೇತಾಡ್ತು. ನೀವ್ಯಾರೂ ಯಾಕಪ್ಪಾ ಅಂತ ಕೇಳ್ಲಿಲ್ಲ. ಕೇಳ್ದೋರು ಇವ್ರೇಯ."

ಇವರು ಬಾರಿಸುವುದು ಬಾಗಲೂರು ರಸ್ತೆಯ ತಿರುವಿನವರೆಗೆ ಮಾತ್ರ, ಆಮೇಲೆ ನಾನು ಕೈ ಎತ್ತಿದ ಕೂಡಲೇ ತಮಟೆಯವರು ಶುರು ಮಾಡಬೇಕು, ಎಂದು ಕರಾರು ಹಾಕಿ, ರಾಮಕೃಷ್ಣಪ್ಪ ಚಟ್ಟದ ಮುಂಭಾಗಕ್ಕೆ ತಾನೇ ಹೆಗಲು ಕೊಟ್ಟ.

ಚಿನ್ನಸ್ವಾಮಿ ಅಳುತ್ತಾ ಕಡ್ಡಿ ಎತ್ತಿದವನು ಶೆಡ್ಡಿನಲ್ಲಿ ಬಾರಿಸುವ ವೇಗದಲ್ಲೇ ಹೊಡೆದುಬಿಟ್ಟ. ಹೊತ್ತವರ ಕಾಲಿಗೆ ಕಾಲು ತೊಡರಿ ಚಟ್ಟ ವಾಲಿತು. "ಹೆಣ ಬೀಳ್ಸೀರ ಕಣ್ರಲಾ," ಎಂದು ರಾಮಕೃಷ್ಣಪ್ಪ ಗದರಿದ. ಹಿಂದೆ ಯಾರೋ ಕಿಸಕ್ಕೆಂದರು.

ನಾರಾಯಣಮ್ಮ ಹೋಗಿ ಚಿನ್ನಸ್ವಾಮಿಯ ಮಣಿಕಟ್ಟು ಹಿಡಿದಳು.

"ವಿಳಂಬದಾಗೆ ಹೊಡಿಯಪ್ಪ. ನಿಮ್ಮೇಷ್ಟ್ರು ಯಾವತ್ತು ಓಡವ್ರೆ?"

ಅವನು ಮೂಗು ಒರೆಸಿಕೊಂಡು ನಿಧಾನಕ್ಕೆ ಶುರುಮಾಡಿದ. ಚೆನ್ನಕೇಶವ ಮೂರಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಕೈಯಲ್ಲಿದ್ದ ಹಲ್ಲುಚಕ್ರಕ್ಕೆ ತಟ್ಟಿದ. ಹೊತ್ತವರು ಒಂದು ಗಿಡ್ಡ ಹೆಜ್ಜೆ, ಒಂದು ಉದ್ದ ಹೆಜ್ಜೆ ಇಟ್ಟರು. ಮತ್ತೆ ತಪ್ಪಿದರು. ಹುಣಿಸೆಮರದ ಹತ್ತಿರ ಬರುವಷ್ಟರಲ್ಲಿ ನಾಲ್ವರ ಕಾಲೂ ಒಂದಾಯಿತು.

ಹೆಂಗಸರು ತಿರುವಿನಲ್ಲಿ ನಿಂತರು, ಅಲ್ಲಿಂದ ಮುಂದೆ ಅವರು ಹೋಗುವಂತಿಲ್ಲ. ತಮಟೆಯವರು ಕಡ್ಡಿ ಎತ್ತಿ ಹಿಡಿದು ರಾಮಕೃಷ್ಣಪ್ಪನ ಕೈಯನ್ನೇ ನೋಡುತ್ತಿದ್ದರು. ಚಟ್ಟ ಬಾಗಲೂರು ರಸ್ತೆಗೆ ತಿರುಗಿದಾಗ ನಾರಾಯಣಮ್ಮನಿಗೆ ಭಾವನ ಮುಖ ಒಂದು ಗಳಿಗೆ ಕಂಡಿತು. ಅವನ ಕೈ ಚಟ್ಟದ ಬಿದಿರನ್ನು ಬಿಟ್ಟಿರಲಿಲ್ಲ. ಕಣ್ಣೀರು ಗಡ್ಡಕ್ಕಿಳಿದಿದ್ದರೂ ಒರೆಸಿಕೊಳ್ಳಲು ಪುರುಸೊತ್ತಿಲ್ಲದವನಂತೆ, ತಪ್ಪಿಹೋದೀತೆಂಬ ಹೆದರಿಕೆಯಲ್ಲಿ, ಅವನ ತುಟಿಗಳು ಒಂದು ಎರಡು ಮೂರು, ಒಂದು ಎರಡು ಮೂರು ನಾಲ್ಕು ಎಂದು ಎಣಿಸುತ್ತಾ ಹೋಗುತ್ತಿದ್ದವು.