ಅಪ್ಪನ ಕೇಸು

"ಏ ಮುದುಕಿ, ಕೇಸ್ ನಂಬರ್ ಇಲ್ಲದ ಕಾಗದ ಹುಡಕಾಕ ನಾ ಏನ ನಿಮ್ಮಪ್ಪನ ಮನಿ ಆಳೇನ? ನಡಿ ಹೊರಗ!"

ಕೋರ್ಟಿನ ನಕಲು ಶಾಖೆಯ ಗುಮಾಸ್ತ ಪ್ರೇಮಕುಮಾರ ಗುಟಕಾ ಕಿಟಕಿಯಾಚೆ ಉಗುಳಿದ. ಶಿವವ್ವ ಕದಲಲಿಲ್ಲ. ಬನಹಟ್ಟಿಯಿಂದ ಬಸ್ಸು ಹಿಡಿದು ಅವಳು ಬಂದದ್ದು ಇದು ನಾಲ್ಕನೆಯ ಸಲ. ಮೂವತ್ತು ವರ್ಷದ ಹಿಂದೆ ಅವಳಪ್ಪ ಸೋಮಲಿಂಗ, ಮಗ್ಗವಿದ್ದ ಮನೆಯನ್ನು ಕೋರ್ಟಿನಲ್ಲಿ ಉಳಿಸಿಕೊಂಡಿದ್ದ. ಆ ತೀರ್ಪಿನ ಪ್ರತಿ ಗೆದ್ದಲು ತಿಂದು ಹೋಗಿತ್ತು. ಈಗ ಆ ಮನೆ ತನ್ನದೆನ್ನುವ ಮಲ್ಲಿನಾಥ ಸಾವ್ಕಾರ, "ತೀರ್ಪ ಇದ್ರ ತೋರಸ, ಇಲ್ಲಂದ್ರ ನಾಳೆ ಜೆಸಿಬಿ ಬರತೈತಿ" ಎಂದು ಹೇಳಿ ಕಳಿಸಿದ್ದ.

"ಯಾರ ಬೇಕಾದ್ರೂ ಅರ್ಜಿ ಕೊಟ್ಟ ನಕಲ ತಗೋಬಹುದಂತ ಗ್ವಾಡಿ ಮ್ಯಾಲ ನೀವ ಬರದೀರಿ" ಎಂದಳು ಶಿವವ್ವ.

"ಹಂಗಾರ ಗ್ವಾಡಿನ ಕೇಳ. ಹಳೇವು ಕಂಪ್ಯೂಟರಿನ್ಯಾಗ ಇಲ್ಲ. ರಜಿಸ್ಟರಿನ್ಯಾಗ ಸೋಮಲಿಂಗನ ಹೆಸರಿಲ್ಲ. ನಿಮ್ಮಪ್ಪ ಕೋರ್ಟಿಗೆ ಬಂದಿದ್ದನೋ, ಕೋರ್ಟಿನ ಹಿಂದ ಹೇಲಾಕ ಬಂದಿದ್ದನೋ!"

ಬೆಂಚಿನ ಮೇಲಿದ್ದ ಇಬ್ಬರು ವಕೀಲರು ನಕ್ಕರು. ಆ ನಗುವಿಗೆ ಹುರುಪೇರಿ ಪ್ರೇಮಕುಮಾರ ರಜಿಸ್ಟರನ್ನೇ ಅವಳ ಮುಂದೆ ಒಗೆದ. "ತಗೋ, ನೀನ ಓದ. ಓದಾಕ ಬಂದ್ರ!"

ಶಿವವ್ವ ಮೂರನೆಯ ಇಯತ್ತೆ ಓದಿದವಳು. ನೆಲದ ಮೇಲೆ ಕುಳಿತು, ಮಗ್ಗದಲ್ಲಿ ಹರಿದ ಎಳೆ ಹುಡುಕುವ ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸಿದಳು. ಅರ್ಧ ತಾಸಿಗೆ ಬೆರಳು ನಿಂತಿತು. ದಾವೆ ಹಾಕಿದವನು ಕಾಮಣ್ಣ, ಮಲ್ಲಿನಾಥನ ಅಪ್ಪ. ಎದುರಿಗೆ, ಸಣ್ಣಕ್ಷರದಲ್ಲಿ, ಸೋಮಲಿಂಗ. ಸಾಲಿನ ಕೊನೆಗೆ: ದಾವೆ ವಜಾ. ಮನೆಯಲ್ಲಿ ಎಲ್ಲರೂ ಅದನ್ನು ಅಪ್ಪನ ಕೇಸು ಅನ್ನುತ್ತಿದ್ದರು. ನಾಲ್ಕೂ ಸಲ ಅವಳು ಕೇಳಿದ್ದು ಅಪ್ಪನ ಹೆಸರನ್ನೇ.

"ಇದ ಏನ್ರಿ?"

ಪ್ರೇಮಕುಮಾರನ ಮುಖದಲ್ಲಿ ಬೆರಗಿರಲಿಲ್ಲ. "ದಾವಾ ಹಾಕಿದಾಂವನ ಹೆಸರಿಂದನ ಹುಡುಕೂದು. ನೀ ನಿಮ್ಮಪ್ಪಂದ ಕೇಳಿದಿ, ನಾ ನಿಮ್ಮಪ್ಪಂದ ನೋಡಿದೆ."

"ನಿಮಗ ಗೊತ್ತಿತ್ತ?"

"ಕೇಳಿದ್ದಕ್ಕಷ್ಟ ಹೇಳೂದು ನನ್ನ ಕೆಲಸ. ಈಗ ಅರ್ಜಿ ಕೊಡ, ತಿಂಗಳ ಬಿಟ್ಟ ಬಾ."

"ನಾಳೆ ಮನಿ ಕೆಡವತಾರೋ ಭಾಡ್ಯಾ!"

"ಕೆಡವಿದ ಮ್ಯಾಲ ಬಾ. ಕಾಗದ ಎಲ್ಲೂ ಓಡಿಹೋಗೂದಿಲ್ಲ."

ಶಿವವ್ವ ರಜಿಸ್ಟರು ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಎದ್ದಳು.

"ಲೇ, ಇಡ! ಸರಕಾರಿ ದಾಖಲೆ ಐತದು! ಕಳವಿನ ಕೇಸ ಜಡೀತೇನಿ!"

"ಜಡಿ. ನನ್ನ ಹಿಡದ ತಂದ ಜಡ್ಜ್ ಸಾಹೇಬ್ರ ಮುಂದ ನಿಂದ್ರಸ. ಏನ ಕದ್ದಾಳಂತ ಕೇಳತಾರ. ಆವಾಗ ಈ ಹಾಳಿ ತಗದ ನೀನ ಓದಬೇಕಾಗತೈತಿ, ಎಲ್ಲಾರಿಗೂ ಕೇಳೂವಂಗ."

ವಕೀಲರು ನಗಲಿಲ್ಲ. ಅವಳು ಮೆಟ್ಟಿಲಿಳಿದಳು. ಗೇಟಿನ ಪೊಲೀಸ, ಆಫೀಸಿನ ಪುಸ್ತಕ ಹೊತ್ತವಳು ಕಸ ಗುಡಿಸುವಾಕೆ ಇರಬೇಕೆಂದು ದಾರಿ ಬಿಟ್ಟ. ಬಾಗಿಲಲ್ಲಿ ನಿಂತು ಪ್ರೇಮಕುಮಾರ ಅವ್ವ ಅಪ್ಪ ಎಲ್ಲ ಸೇರಿಸಿ ಬೈದ.

ಅವಳು ತಿರುಗಿ ಬರಲಿಲ್ಲ. ಜೆಸಿಬಿ ಬರುವ ಮೊದಲು ಆ ಹಾಳೆ ಬನಹಟ್ಟಿ ಮುಟ್ಟಬೇಕಿತ್ತು.